ತಲೆಬರಹದಿಂದ ವಾಕ್ಯಕ್ಕೆ

ಹೊಸ ಭಾಷೆಯನ್ನು ಕಲಿಯುವವರಿಗೆ ಪದಗಳ ಅರ್ಥ ತಿಳಿದರೆ ಸಾಲದು; ಅವನ್ನು ಜೋಡಿಸುವ ಕ್ರಮವೂ ತಿಳಿಯಬೇಕು. ಇದಕ್ಕೆ ಸುಲಭವಾಗಿ ಕೈಗೆ ಸಿಗುವ ಸಾಧನವೆಂದರೆ ದಿನಪತ್ರಿಕೆಯ ತಲೆಬರಹ. ಬೆಂಗಳೂರಿನಲ್ಲಿ 1948ರಲ್ಲಿ ಒಂದೇ ಸಂಸ್ಥೆಯಿಂದ ಇಂಗ್ಲಿಷಿನ ‘ಡೆಕ್ಕನ್ ಹೆರಾಲ್ಡ್’, ಕನ್ನಡದ ‘ಪ್ರಜಾವಾಣಿ’ ಪತ್ರಿಕೆಗಳು ಆರಂಭವಾದವು. ಇಂತಹ ಎರಡು ಪತ್ರಿಕೆಗಳನ್ನು ಜೊತೆಯಲ್ಲಿಟ್ಟು ಓದಿದರೆ, ಒಂದೇ ಸುದ್ದಿಯು ಎರಡು ಭಾಷೆಗಳಲ್ಲಿ ತಾಳುವ ರೂಪಗಳನ್ನು ಹೋಲಿಸಬಹುದು.

ಮರಳವಾಡಿಯ ಸುತ್ತಿನ ರೇಷ್ಮೆ ಬೆಳೆಗಾರರ ಮನೆಗಳಲ್ಲಿ ಗೂಡಿನ ಧಾರಣೆಯ ಮಾತು ಮಕ್ಕಳ ಕಿವಿಗೂ ಬೀಳುತ್ತದೆ. ಆ ಸುದ್ದಿಗೆ ಕನ್ನಡದಲ್ಲಿ ‘ಗೂಡಿನ ಧಾರಣೆ ಏರಿಕೆ’ ಎಂದೂ ಇಂಗ್ಲಿಷಿನಲ್ಲಿ ‘ಕಕೂನ್ ಪ್ರೈಸಸ್ ರೈಸ್’ ಎಂದೂ ತಲೆಬರಹ ಕೊಡಬಹುದು. ಕನ್ನಡದ ತಲೆಬರಹವು ನಾಮಪದದಲ್ಲಿ ಮುಗಿಯುತ್ತದೆ. ಇಂಗ್ಲಿಷಿನದು ನಡೆದುಹೋದ ಸಂಗತಿಯನ್ನೂ ವರ್ತಮಾನಕಾಲದ ಕ್ರಿಯಾಪದದಿಂದ ಹೇಳುತ್ತದೆ. ‘ಮಾರ್ಕೆಟ್ ಟು ಓಪನ್ ಮಂಡೇ’ ಎಂಬಲ್ಲಿ ‘ಟು’ ಭವಿಷ್ಯತ್ಕಾಲವನ್ನು ಸೂಚಿಸುತ್ತದೆ. ಸ್ಥಳ ಸಾಲದೆ ಬಿಟ್ಟ ಪದಗಳನ್ನು ತುಂಬಿದರೆ ‘ದಿ ಮಾರ್ಕೆಟ್ ವಿಲ್ ಓಪನ್ ಆನ್ ಮಂಡೇ’ ಎಂಬ ಪೂರ್ಣವಾಕ್ಯ ದೊರೆಯುತ್ತದೆ.

ಆದರೆ ತಲೆಬರಹವನ್ನೇ ಮಾದರಿಯಾಗಿಟ್ಟುಕೊಂಡು ಪತ್ರವನ್ನಾಗಲಿ, ಪರೀಕ್ಷೆಯ ಉತ್ತರವನ್ನಾಗಲಿ ಬರೆದರೆ ತಪ್ಪಾಗುತ್ತದೆ. ಅದನ್ನು ಬಿಡಿಸಿ ಪೂರ್ಣಗೊಳಿಸುವ ಶ್ರಮದಲ್ಲಿಯೇ ಕಲಿಕೆಯಿದೆ. ಆ ಶ್ರಮಕ್ಕೆ ದಾರಿ ತೋರುವುದು ತಾಯ್ನುಡಿ. ಕನ್ನಡದಲ್ಲಿ ಸುದ್ದಿಯನ್ನು ಅರಿತ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಅರ್ಥಕ್ಕಾಗಿ ತಡಕಾಡಬೇಕಾಗಿಲ್ಲ. ವಾಕ್ಯರಚನೆಯತ್ತ ಮಾತ್ರ ಗಮನ ಕೊಟ್ಟರೆ ಸಾಕು. ದಿನಕ್ಕೊಂದು ತಲೆಬರಹವನ್ನು ಹೀಗೆ ಬಿಡಿಸುತ್ತ ಬಂದವರಿಗೆ ಪತ್ರಿಕೆಯೇ ಪಾಠಶಾಲೆ. ಇಂಗ್ಲಿಷಿನ ಭಯವೂ ಕ್ರಮೇಣ ದೂರವಾಗುತ್ತದೆ. ಕನ್ನಡವನ್ನು ಬಲ್ಲುದು ಇಂಗ್ಲಿಷಿನ ಕಲಿಕೆಗೆ ಅಡ್ಡಿಯಲ್ಲ, ಆಧಾರ.