ಮಹಾಯುದ್ಧದ ಪದಕ ಸಿಕ್ಕಿತೇ? ಮೊದಲು ಅಂಚು ಓದಿ

ಹಳೆಯ ಯುದ್ಧಪದಕ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ರಾಜನ ತಲೆಯ ಮೇಲೆ ಬೀಳುತ್ತದೆ. ಅದನ್ನು ಹಾಗೇ ಪಕ್ಕಕ್ಕೆ ತಿರುಗಿಸಿ, ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕವಾದರೆ ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಸಿಪಾಯಿಯ ಸಂಖ್ಯೆ, ಹುದ್ದೆ, ಹೆಸರು ಮತ್ತು ಪಡೆ ಅಚ್ಚಾಗಿರುತ್ತವೆ. ನೂರು ವರ್ಷದ ಹಿಂದೆ ಸಮುದ್ರ ದಾಟಿಹೋದ ಸಾಮಾನ್ಯ ಮನೆಯ ಹುಡುಗನೊಬ್ಬನ ಹೆಸರು ಅಲ್ಲಿದೆ. ಪದಕ ಸಂಗ್ರಹ ಎಂಬ ಹವ್ಯಾಸದ ಜೀವ ಇರುವುದು ಆ ಒಂದು ಸಾಲಿನಲ್ಲಿ. ಬುಕ್ಕಾಂಬುಧಿ, ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯಲ್ಲಿ ಇದನ್ನು ಶುರುಮಾಡಬೇಕೆನ್ನುವವರು ಹರಾಜಿನ ಪಟ್ಟಿ ತಿರುವುವ ಮೊದಲು ತಮ್ಮ ಮನೆಯ ಅಟ್ಟ, ಟ್ರಂಕು, ಅಜ್ಜಿಯ ಒಡವೆ ಡಬ್ಬಿ ನೋಡುವುದು ಒಳ್ಳೆಯದು.

ಒಡವೆ ಡಬ್ಬಿ ಎಂದದ್ದಕ್ಕೆ ಕಾರಣವಿದೆ. 1914-18ರ ‘ಬ್ರಿಟಿಷ್ ವಾರ್ ಮೆಡಲ್’ ಬೆಳ್ಳಿಯದು. ಅದರ ಮೇಲಿನ ಪಟ್ಟಿ ಕಿತ್ತು, ಕೊಂಡಿ ಬೆಸೆದು, ಹೆಣ್ಣುಮಕ್ಕಳ ಸರಕ್ಕೆ ಪೋಣಿಸುತ್ತಿದ್ದುದುಂಟು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಅಕ್ಕಸಾಲಿಗರ ಮೂಸೆಯಲ್ಲಿ ಕರಗಿಹೋದವುಗಳಿಗಂತೂ ಲೆಕ್ಕವಿಲ್ಲ. ಒಂದು ಔನ್ಸಿನಷ್ಟು ಬೆಳ್ಳಿಗಾಗಿ ಒಬ್ಬ ಮನುಷ್ಯನ ಏಕೈಕ ದಾಖಲೆ ಅಳಿಸಿಹೋಗುವುದು ನಿಜಕ್ಕೂ ಸಂಕಟದ ವಿಷಯ.

ನಮ್ಮ ಕಡೆಯ ಪಡೆಗಳು

ಆಗ ಈ ಪ್ರದೇಶ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ದಂಡಿಗೂ ಈ ನೆಲಕ್ಕೂ ನಂಟು ಹಳೆಯದು. ಅಜ್ಜಂಪುರದಲ್ಲಿ ಇಂದಿಗೂ ಸಾಕುತ್ತಿರುವ ಅಮೃತಮಹಲ್ ತಳಿಯ ಎತ್ತುಗಳು ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದವು. ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಲುವೆಯ ಕಾವಲು ಕಾದು, ಪ್ಯಾಲೆಸ್ಟೈನ್‌ನಲ್ಲಿ ಹೋರಾಡಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯುವ ಕೆಲಸ ಮೈಸೂರಿನವರ ಪಾಲಿಗೆ ಬಂದಿತ್ತು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದ ಬಳಿ ಇದೆ.

ಇದರ ಹೊರತಾಗಿ ಕನ್ನಡನಾಡಿನವರು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿ, ಸಾಮಾನು ಸಾಗಿಸುವ ಸರ್ವೀಸ್ ಕೋರ್‌ಗಳಲ್ಲೂ ಇದ್ದರು. ಎರಡನೆಯ ಯುದ್ಧದಲ್ಲಿ ಮೈಸೂರು ಇನ್‌ಫಂಟ್ರಿಯ ಮೊದಲ ಬೆಟಾಲಿಯನ್ 1942ರ ಫೆಬ್ರವರಿಯಲ್ಲಿ ಸಿಂಗಪುರ ಶರಣಾದಾಗ ಅಲ್ಲೇ ಇತ್ತು. ನಿಮ್ಮ ಹುಡುಕಾಟ ಈ ಪಡೆಗಳ ಹೆಸರುಗಳಿಂದ ಶುರುವಾಗಲಿ.

ಗುರುತಿಸುವ ಬಗೆ

ಮೊದಲ ಯುದ್ಧದ ಪದಕಗಳು ಹೆಚ್ಚಾಗಿ ಮೂರರ ಜೋಡಣೆಯಲ್ಲಿ ಬರುತ್ತವೆ. ಒಂದು, ಕಂಚಿನ ನಕ್ಷತ್ರ: ಅಡ್ಡ ಕತ್ತಿಗಳು, ನಡುವೆ ‘1914-15’, ಕೆಂಪು-ಬಿಳಿ-ನೀಲಿ ರಿಬ್ಬನ್. ಇದಕ್ಕೆ ಅಂಚಿಲ್ಲ, ಹೆಸರು ಹಿಂಬದಿಯಲ್ಲಿರುತ್ತದೆ. ಎರಡು, ಆಗಲೇ ಹೇಳಿದ ಬೆಳ್ಳಿಯ ವಾರ್ ಮೆಡಲ್: ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆಯೇರಿದ ಬರಿಮೈಯ ಸವಾರ. ಮೂರು, ಕಂಚಿನ ‘ವಿಕ್ಟರಿ ಮೆಡಲ್’: ರೆಕ್ಕೆಯ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್.

ಇಲ್ಲಿ ಎರಡು ಸೂಕ್ಷ್ಮಗಳಿವೆ. ನಕ್ಷತ್ರದ ನಡುವೆ ‘1914’ ಎಂದಷ್ಟೇ ಇದ್ದು, ಆಗಸ್ಟ್, ನವೆಂಬರ್ ತಿಂಗಳ ಹೆಸರೂ ಇದ್ದರೆ ಅದು ಬೇರೆಯೇ ಪದಕ. ಅದು ಆ ವರ್ಷ ಫ್ರಾನ್ಸ್, ಬೆಲ್ಜಿಯಂನಲ್ಲಿ ಸೇವೆ ಮಾಡಿದವರಿಗೆ ಮಾತ್ರ ಸಿಕ್ಕಿದ್ದು. ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟಿಗೆ. ಹಾಗಾಗಿ ಯಾರಾದರೂ ‘ಮೈಸೂರು ಸವಾರನದು’ ಎಂದು 1914ರ ನಕ್ಷತ್ರ ತೋರಿಸಿದರೆ ನಂಬುವ ಮೊದಲು ನೂರು ಪ್ರಶ್ನೆ ಕೇಳಿ. ಇನ್ನೊಂದು, ಕಂಚಿನ ವಾರ್ ಮೆಡಲ್ ಕಂಡರೆ ನಕಲಿ ಎಂದು ಬಿಸಾಡಬೇಡಿ. ಕೂಲಿ ದಳಗಳಲ್ಲಿ ದುಡಿದ ಭಾರತೀಯರಿಗೆ ಅದೇ ಪದಕವನ್ನು ಬೆಳ್ಳಿಯ ಬದಲು ಕಂಚಿನಲ್ಲಿ ಕೊಟ್ಟರು. ಬಂದೂಕು ಹಿಡಿದವನಿಗೆ ಬೆಳ್ಳಿ, ಗುದ್ದಲಿ ಹಿಡಿದವನಿಗೆ ಕಂಚು! ನನ್ನ ಕೈಗೆ ಎರಡೂ ಬಂದರೆ ನಾನು ಹೆಚ್ಚು ಜೋಪಾನ ಮಾಡುವುದು ಕಂಚಿನದನ್ನೇ.

ಎರಡನೆಯ ಯುದ್ಧದವು ಸುಲಭ. ನಕ್ಷತ್ರಗಳೆಲ್ಲ ಆರು ಮೂಲೆಯವು, ಹಿತ್ತಾಳೆ ಬಣ್ಣದವು; ಯಾವ ರಣರಂಗ ಎಂಬುದು ಸುತ್ತ ಬರೆದಿರುತ್ತದೆ. ಬರ್ಮಾ ಸ್ಟಾರ್‌ನ ರಿಬ್ಬನ್ನಿಗೆ ನಡುವೆ ಕೆಂಪು, ಎರಡು ಬದಿಗೆ ಕಡುನೀಲಿ, ಅದರೊಳಗೆ ಕಿತ್ತಳೆ ಗೆರೆ. ‘ವಾರ್ ಮೆಡಲ್ 1939-45’ರ ಹಿಂದೆ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ. ‘ಇಂಡಿಯಾ ಸರ್ವೀಸ್ ಮೆಡಲ್’ ಹಿಂದೆ ಉಪಖಂಡದ ನಕ್ಷೆ. ದೇಶದೊಳಗೇ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು. ಇವುಗಳ ಜೊತೆಗೇ ಕೇಸರಿ-ಬಿಳಿ-ಹಸಿರು ರಿಬ್ಬನ್ನಿನ 1947ರ ಸ್ವಾತಂತ್ರ್ಯ ಪದಕವೂ ಇದ್ದರೆ ಒಬ್ಬನೇ ಸಿಪಾಯಿ ಎರಡು ಆಳ್ವಿಕೆಗಳಡಿ ದುಡಿದಿದ್ದಾನೆ ಎಂದರ್ಥ. ಅಂಥ ಸಾಲನ್ನು ಯಾವ ಕಾರಣಕ್ಕೂ ಬಿಡಿಸಿ ಮಾರಬೇಡಿ. ಒಬ್ಬನಿಗೇ ಬರ್ಮಾ ಸ್ಟಾರ್ ಮತ್ತು ಪೆಸಿಫಿಕ್ ಸ್ಟಾರ್ ಎರಡನ್ನೂ ಕೊಡುತ್ತಿರಲಿಲ್ಲ. ಎರಡೂ ಒಂದೇ ಸಾಲಿನಲ್ಲಿ ಕಂಡರೆ ಯಾರೋ ಆಮೇಲೆ ಜೋಡಿಸಿದ್ದಾರೆ.

ಬ್ರಿಟಿಷ್ ಸೈನಿಕರಿಗೆ ಎರಡನೆಯ ಯುದ್ಧದ ಪದಕಗಳನ್ನು ಹೆಸರಿಲ್ಲದೆಯೇ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳಲ್ಲಿ ಮಾತ್ರ ಹೆಸರು ಹೊಡೆದಿರುವುದುಂಟು. ನಮ್ಮ ಸಂಗ್ರಾಹಕರಿಗೆ ಇದು ದೊಡ್ಡ ಅನುಕೂಲ.

ಹೆಸರಿನ ಜಾಡು

ಅಂಚಿನ ಅಕ್ಷರ ಮಾಸಿದ್ದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ಸುತ್ತ ತಿರುಗಿಸುತ್ತ ಫೋಟೊ ತೆಗೆಯಿರಿ. ಹುದ್ದೆಗಳು ಚಿಕ್ಕದಾಗಿರುತ್ತವೆ: ಸವಾರ್, ದಫೇದಾರ್ ಇದ್ದರೆ ಕುದುರೆ ಪಡೆ, ಸಿಪಾಯಿ, ನಾಯಕ್, ಹವಾಲ್ದಾರ್ ಇದ್ದರೆ ಕಾಲಾಳು. ‘ಎಸ್ ಅಂಡ್ ಎಂ’ ಎಂದರೆ ಸ್ಯಾಪರ್ಸ್ ಅಂಡ್ ಮೈನರ್ಸ್, ‘ಆರ್.ಐ.ಎ.ಎಸ್.ಸಿ.’ ಎಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್. ಓದಿದ್ದನ್ನು ಇದ್ದ ಕಾಗುಣಿತದಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರು ಅದು. ದಾಖಲೆಗಳಲ್ಲೂ ಹಾಗೇ ಇರುತ್ತದೆ.

ಯುದ್ಧದಲ್ಲಿ ಮಡಿದವರಾಗಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಕಾಸಿಲ್ಲದೆ ಹುಡುಕಬಹುದು. ಭಾರತೀಯ ಸೈನಿಕರ ವಿವರದಲ್ಲಿ ಎಷ್ಟೋ ಕಡೆ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಬರುತ್ತವೆ. ಆಗ ಬುಕ್ಕಾಂಬುಧಿ ತರೀಕೆರೆ ತಾಲ್ಲೂಕಿನಲ್ಲಿತ್ತು, ಅಜ್ಜಂಪುರ ತಾಲ್ಲೂಕು ಆಗಿರಲೇ ಇಲ್ಲ. ಆದ್ದರಿಂದ ಜಿಲ್ಲೆಗೆ ಚಿಕ್ಕಮಗಳೂರಿನ ಬದಲು ಕಡೂರು ಎಂದು ಹಾಕಿ, ತರೀಕೆರೆಯನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯಬಹುದೋ ಅಷ್ಟೂ ರೀತಿ ಹುಡುಕಿ ನೋಡಿ. ಈಜಿಪ್ಟ್, ಪ್ಯಾಲೆಸ್ಟೈನ್‌ನಲ್ಲಿ ಸತ್ತು ಗೋರಿ ಗೊತ್ತಿಲ್ಲದ ಭಾರತೀಯರ ಹೆಸರುಗಳನ್ನು ಹೆಲಿಯೊಪೊಲಿಸ್ ಸ್ಮಾರಕದ ಪಟ್ಟಿಯಲ್ಲಿ ಸೇರಿಸಲಾಗಿದೆ. ಬದುಕಿ ಬಂದವರಾದರೆ ಸಂಸ್ಥಾನದ ಕಡತಗಳಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. ಮನೆಯಲ್ಲಿ ಡಿಸ್ಚಾರ್ಜ್ ಪತ್ರ, ಪಿಂಚಣಿ ಪುಸ್ತಕ ಉಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕೊಳ್ಳುವಾಗ

ನಾಣ್ಯ ಮೇಳಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಪದಕಗಳು ಸಿಗುತ್ತವೆ. ಜೇಬಿನಲ್ಲಿ ಒಂದು ಭೂತಗನ್ನಡಿ, ಒಂದು ಕ್ಯಾಲಿಪರ್ ಇರಲಿ. ಮೊದಲ ಯುದ್ಧದ ದುಂಡು ಪದಕಗಳ ಅಡ್ಡಳತೆ 36 ಮಿಲಿಮೀಟರ್. ಅದಕ್ಕಿಂತ ಕಡಿಮೆ ಬಂದರೆ ಒಂದೋ ಅಸಲಿಯ ಮೇಲೆ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ, ಇಲ್ಲವೇ ಹಳೆಯ ಹೆಸರನ್ನು ಅರದಿಂದ ಉಜ್ಜಿ ತೆಗೆದು ಬೆಲೆಬಾಳುವ ಪಡೆಯ ಹೆಸರು ಕೆತ್ತಿದ್ದಾರೆ. ಎರಕದ್ದಾದರೆ ರಾಜನ ಕೂದಲು, ಅಕ್ಷರದ ಮೂಲೆಗಳು ಮೊಂಡಾಗಿರುತ್ತವೆ, ಸಣ್ಣ ಗುಳ್ಳೆಗಳೂ ಕಾಣುತ್ತವೆ. ರಿಬ್ಬನ್ ಹೊಸದಾಗಿದ್ದರೆ ಅದೇನೂ ದೋಷವಲ್ಲ. ಬಟ್ಟೆ ಹರಿದಾಗ ಮನೆಯವರೇ ಬದಲಾಯಿಸಿರಬಹುದು.

ಕಾನೂನನ್ನೂ ತಿಳಿದಿರಬೇಕು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಮೊದಲ ಯುದ್ಧದ ಪದಕಗಳು ಈಗ ಆ ಗಡಿ ದಾಟಿವೆ. ಖಾಸಗಿಯವರು ಅಂಥವನ್ನು ದೇಶದಾಚೆಗೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಹೊರದೇಶದವರು ಒಳ್ಳೆಯ ಬೆಲೆ ಕೊಡುತ್ತಾರೆಂದು ಅಂಚೆಗೆ ಹಾಕುವ ಯೋಚನೆ ಬೇಡ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಳ್ಳಿಯ ಮನೆಯೊಂದರಲ್ಲಿ ಪದಕ ಇದೆಯೆಂದು ತಿಳಿದರೆ ದುಡ್ಡು ಹಿಡಿದುಕೊಂಡು ಹೋಗಬೇಡಿ, ನೋಟ್‌ಬುಕ್ ಹಿಡಿದುಕೊಂಡು ಹೋಗಿ. ‘ನಿಮ್ಮ ಮಿಲ್ಟ್ರಿ ತಾತನ ಬಿಲ್ಲೆ ಒಂಚೂರು ತೋರಿಸ್ತೀರಾ ಅಮ್ಮಾ?’ ಎಂದು ಕೇಳಿ. ಅಂಚಿನಲ್ಲಿರುವುದನ್ನು ಓದಿ ಹೇಳಿ, ಫೋಟೊ ತೆಗೆದುಕೊಂಡು ಪದಕವನ್ನು ಅವರ ಕೈಗೇ ಕೊಡಿ. ಆ ಮನೆಯಿಂದ ಹೊರಬಿದ್ದ ಪದಕಕ್ಕೆ ಊರು ಇರುವುದಿಲ್ಲ. ಹೀಗೆ ದಾಖಲಿಸಿದ ಹತ್ತು ಪದಕಗಳು ಸಂತೆಯಲ್ಲಿ ಕೊಂಡ ನೂರಕ್ಕಿಂತ ಮಿಗಿಲಾದ ಸಂಗ್ರಹ.

ಇಡುವ ರೀತಿ

ಉಜ್ಜಬೇಡಿ. ಹುಣಸೆಹಣ್ಣು, ಬೂದಿ, ಪಾತ್ರೆ ತೊಳೆಯುವ ಪುಡಿ, ಬ್ರಾಸೊ ಯಾವುದೂ ಬೇಡ. ಹಬ್ಬಕ್ಕೆ ದೇವರ ಸಾಮಾನು ಬೆಳಗುವಾಗ ಪದಕವನ್ನೂ ಸೇರಿಸಿ ತಿಕ್ಕಿದ್ದರಿಂದಲೇ ಹೆಸರು ಸವೆದು ಹೋಗುತ್ತದೆ. ಒಣಗಿದ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಅಗ್ಗದ ಪಿ.ವಿ.ಸಿ. ಆಲ್ಬಂ ಲೋಹಕ್ಕೆ ಹಸಿರು ಕಿಲುಬು ತರಿಸುತ್ತದೆ, ರಬ್ಬರ್ ಬ್ಯಾಂಡು ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ಉಣ್ಣೆ ಬಟ್ಟೆಯೂ ಹಾಗೆಯೇ. ಆಮ್ಲವಿಲ್ಲದ ಕಾಗದದಲ್ಲಿ ಒಂದೊಂದನ್ನೇ ಬೇರೆ ಬೇರೆ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತರೀಕೆರೆ ಆಚೆಯ ಮಲೆನಾಡಿನ ಅಂಚಿನವರು ಮಳೆಗಾಲ ಕಳೆದ ಕೂಡಲೇ ಅದನ್ನು ಬದಲಾಯಿಸಬೇಕು.

ಪ್ರತಿ ಪದಕಕ್ಕೂ ಒಂದು ಚೀಟಿ ಬರೆಯಿರಿ: ಅಂಚಿನ ಬರಹ ಇದ್ದ ಹಾಗೆ, ಯಾರ ಮನೆಯದು, ಯಾರು ಹೇಳಿದರು, ಯಾವ ದಿನ. ಕಣ್ಣು ಪಳಗಬೇಕೆಂದರೆ ಅಸಲಿಗಳನ್ನು ನೋಡಿ ಬನ್ನಿ. ಬರ್ಮಾದಲ್ಲಿ ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವೀಸ್ ಆರ್ಡರ್) ಗಳಿಸಿದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕಡೂರಿನಿಂದ ಹೊರಟರೆ ಒಂದು ದಿನದ ದಾರಿ, ಹೋಗುವಾಗ ಮನೆಯ ಪದಕದ ಫೋಟೊ ಜೊತೆಗಿರಲಿ.