ಹಳೆಯ ಅಡಿಕೆಗೆ ಹೆಚ್ಚಿನ ಬೆಲೆಯೇ? – ದಾಸ್ತಾನು ಮತ್ತು ಟೆಂಡರು ಮಾರಾಟದ ಲೆಕ್ಕ

ಗೋವಿನಕೋವಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ಒಮ್ಮೆ ನಮ್ಮನ್ನು ಹೀಗೆ ಕೇಳಿದರು: "ಸ್ವಾಮಿ, ಪುತ್ತೂರಿನ ಕಡೆ ಅಡಿಕೆ ಹಳೆಯದಾದಷ್ಟೂ ಬೆಲೆ ಜಾಸ್ತಿಯಂತೆ. ನಾನೂ ಎರಡು ವರ್ಷದ ರಾಶಿ ಅಡಿಕೆಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ. ಇನ್ನೊಂದು ವರ್ಷ ಇಡಲೋ, ಮಾರಲೋ?" ಮಾತು ಮುಂದುವರಿದಾಗ, ಮಗಳ ಮದುವೆಗೆಂದು ತಂದ ಕೈಸಾಲ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ಬೆಳೆಯುತ್ತಿರುವುದೂ ತಿಳಿದುಬಂದಿತು. ಈ ಪ್ರಶ್ನೆ ಅವರೊಬ್ಬರದೇ ಅಲ್ಲವಾದುದರಿಂದ ಇಲ್ಲಿ ವಿವರವಾಗಿ ಉತ್ತರಿಸಲಾಗಿದೆ.

ಚಾಲಿ ಅಡಿಕೆಗೆ ವಯಸ್ಸಿನ ಬೆಲೆ

ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸುಮಾರು 40ರಿಂದ 45 ದಿನ ಬಿಸಿಲಿನಲ್ಲಿ ಒಣಗಿಸಿ, ಸುಲಿದು ಚಾಲಿ ಮಾಡುತ್ತಾರೆ. ಅಲ್ಲಿಯ ಮಾರುಕಟ್ಟೆಯಲ್ಲಿ ಆ ವರ್ಷದ ಅಡಿಕೆಗೆ 'ಹೊಸತು', ಒಂದು ವರ್ಷ ಕಳೆದುದಕ್ಕೆ 'ಸಿಂಗಲ್ ಚೋಲ್', ಎರಡು ವರ್ಷ ಕಳೆದುದಕ್ಕೆ 'ಡಬಲ್ ಚೋಲ್' ಎಂದು ಹೆಸರು. ಮೂರಕ್ಕೂ ಬೇರೆ ಬೇರೆ ಧಾರಣೆ ಇರುತ್ತದೆ. ಸಾಮಾನ್ಯವಾಗಿ ಹಳೆಯದಕ್ಕೆ ಹೆಚ್ಚು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಂಸ್ಥೆಯೂ ಹೊಸತು ಮತ್ತು ಹಳೆಯದಕ್ಕೆ ಪ್ರತ್ಯೇಕ ದರ ಪ್ರಕಟಿಸುತ್ತದೆ.

ಇದಕ್ಕೆ ಕಾರಣವಿದೆ. ದಾಸ್ತಾನಿನಲ್ಲಿ ಚಾಲಿಯ ಉಳಿದ ತೇವಾಂಶ ಇಳಿದು ಕಾಯಿ ಗಟ್ಟಿಯಾಗುತ್ತದೆ, ಒಗರು ಹದವಾಗುತ್ತದೆ. ಆದರೆ ತೂಕವೂ ಇಳಿಯುತ್ತದೆ. ಆದ್ದರಿಂದ ಹೆಚ್ಚಿನ ಬೆಲೆಯ ಒಂದು ಪಾಲು ಕಳೆದುಹೋದ ತೂಕಕ್ಕೆ ಸಿಗುವ ಪರಿಹಾರವೇ ಹೊರತು ಪೂರ್ತಿ ಲಾಭವಲ್ಲ.

ನಮ್ಮ ಕೆಂಪಡಿಕೆಯ ಸ್ಥಿತಿ ಬೇರೆ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲ್ಲೂಕುಗಳಲ್ಲಿ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು ಕೊಟ್ಟು ಒಣಗಿಸುವ ಕೆಂಪಡಿಕೆಯೇ ಮುಖ್ಯ. ಇದನ್ನು ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಲಾಗುತ್ತದೆ. ಖರೀದಿದಾರನು ಇಲ್ಲಿ ನೋಡುವುದು ಬಣ್ಣ, ಹೊಳಪು, ಒಣಗು ಮತ್ತು ಬೆರಕೆ. ಚಾಲಿಗೆ ಇರುವಂತೆ ವರ್ಷಕ್ಕೊಂದು ಮೆಟ್ಟಿಲು ಏರುವ ವಯಸ್ಸಿನ ದರ ಕೆಂಪಡಿಕೆಗೆ ಇಲ್ಲ. ಚೆನ್ನಾಗಿ ಕಾಪಾಡಿದರೆ ಗುಣ ಉಳಿಯುತ್ತದೆ; ತೇವ ತಗುಲಿದರೆ ಬಣ್ಣ ಮಾಸಿ, ಬೂಷ್ಟು ಹಿಡಿದು, ಹುಳು ಬಿದ್ದು ದರ ಕುಸಿಯುತ್ತದೆ. ಆದುದರಿಂದ ಕೆಂಪಡಿಕೆಯನ್ನು ಇಟ್ಟು ಮಾರುವವನು ಮುಂದಿನ ಧಾರಣೆಯನ್ನು ನಂಬಿ ಇಡುತ್ತಾನೆಯೇ ಹೊರತು ಅಡಿಕೆಯ ವಯಸ್ಸನ್ನು ನಂಬಿ ಅಲ್ಲ.

ಬೋರ್ಡೋ ಪಟ್ಟಣದ ಉದಾಹರಣೆ

ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣದ ಹೆಸರು ಫ್ರಾನ್ಸ್ ದೇಶದ ದ್ರಾಕ್ಷಿ ಸೀಮೆಯಾದ ಬೋರ್ಡೋದಿಂದ ಬಂದುದು. ಅಲ್ಲಿಯ ಹಳೆಯ ದ್ರಾಕ್ಷಾರಸದ ಸೀಸೆಗಳು ಲಂಡನ್ ಮೊದಲಾದ ನಗರಗಳಲ್ಲಿ ದೊಡ್ಡ ಬೆಲೆಗೆ ಹರಾಜಾಗುತ್ತವೆ. ಆದರೆ ವಯಸ್ಸಿನಿಂದ ಮೇಲಾಗುವುದು ಆಯ್ದ ಕೆಲವು ತೋಟಗಳ ಮಾಲು ಮಾತ್ರ. ಉಳಿದುದನ್ನು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕು. ಆಯ್ದ ಮಾಲಿನ ಬೆಲೆಯೂ ಸದಾ ಏರುವುದಿಲ್ಲ. 2011ರ ಮಧ್ಯದಲ್ಲಿ ತುದಿ ಮುಟ್ಟಿ ಮುಂದಿನ ವರ್ಷಗಳಲ್ಲಿ ಇಳಿಯಿತು. 2022ರ ನಂತರ ಮತ್ತೆ ಇಳಿಯಿತು. ಹರಾಜು ಸಂಸ್ಥೆಗಳು ಕೂಗಿದ ಬೆಲೆಯ ಮೇಲೆ ಖರೀದಿದಾರನಿಂದ ಕಮಿಷನ್ ಪಡೆಯುವುದರಿಂದ, ಕೊಂಡ ಬೆಲೆಗೇ ಮಾರಿದವನಿಗೂ ನಷ್ಟವೇ. ವಯಸ್ಸಿಗೆ ಬೆಲೆಯಿರುವ ಸರಕಿನ ಕಥೆಯೇ ಹೀಗಿರುವಾಗ ನಾವು ಇನ್ನೂ ಎಚ್ಚರದಿಂದಿರಬೇಕು.

ಧಾರಣೆಯ ಏರಿಳಿತ

2014ರಲ್ಲಿ ರಾಶಿ ಇಡಿಯ ಧಾರಣೆ ಕ್ವಿಂಟಾಲಿಗೆ 70,000 ರೂಪಾಯಿ ದಾಟಿತು. ಲಕ್ಷ ಮುಟ್ಟುತ್ತದೆಂದು ದಾಸ್ತಾನು ಹಿಡಿದು ಕುಳಿತವರು ಮುಂದಿನ ಎರಡು ವರ್ಷಗಳೊಳಗೆ ಅದರ ಅರ್ಧಕ್ಕಿಂತಲೂ ಕಡಿಮೆ ದರ ಕಂಡರು. 2023ರ ಮಧ್ಯದಲ್ಲಿ 55,000 ದಾಟಿದ ದರ ಅದೇ ವರ್ಷದ ಕೊನೆಗೆ 50,000ಕ್ಕಿಂತ ಕೆಳಗಿಳಿಯಿತು. ಕೊಯ್ಲಿನ ನಂತರ ಆವಕ ಹೆಚ್ಚಿ ದರ ಇಳಿಯುವುದು, ಆವಕ ತಗ್ಗಿದಾಗ ಚೇತರಿಸುವುದು ಸಹಜ. ಇದರ ಜೊತೆಗೆ ಸರ್ಕಾರದ ನಿರ್ಧಾರಗಳೂ ಸೇರುತ್ತವೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಇಂತಹ ಆದೇಶ ಯಾವಾಗ ಬರುತ್ತದೆಂದು ಅಟ್ಟದ ಮೇಲಿನ ಅಡಿಕೆಗೆ ತಿಳಿಯದು.

ಇಡುವುದಕ್ಕೆ ತಗಲುವ ಖರ್ಚು

ಲೆಕ್ಕದ ಸಲುವಾಗಿ ಇಂದಿನ ದರ ಕ್ವಿಂಟಾಲಿಗೆ 45,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎಂಟು ತಿಂಗಳು ಇಡುವುದೆಂದರೆ:

1. ವರ್ಷಕ್ಕೆ ಶೇ. 10ರ ಸಾಲವಿದ್ದರೆ ಬಡ್ಡಿ 3,000 ರೂಪಾಯಿ.
2. ಚೀಲ, ಕೂಲಿ, ಗೋದಾಮು 300 ರೂಪಾಯಿ.
3. ತೂಕದ ಇಳಿಕೆ ಶೇ. 2, ಅಂದರೆ ಮಾರಲು ಉಳಿಯುವುದು 98 ಕಿಲೋ.

ಹಾಗಾದರೆ 98 ಕಿಲೋ ಅಡಿಕೆಯಿಂದ 48,300 ರೂಪಾಯಿ ಬರಬೇಕು. ಕ್ವಿಂಟಾಲಿಗೆ ಸುಮಾರು 49,300 ರೂಪಾಯಿ ದರ ಸಿಕ್ಕರೆ ಮಾತ್ರ ಅಸಲಿಗೆ ಅಸಲು. ಅದೇ ಸಾಲ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯದಾದರೆ ಬಡ್ಡಿಯೇ 7,200 ರೂಪಾಯಿ. ಆಗ ಸುಮಾರು 53,600 ರೂಪಾಯಿ ದರ ಬೇಕು. ಸಾಲವಿಲ್ಲದವರೂ ಆ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಮುಂದಿನ ದರದ ಸುದ್ದಿ ಕೇಳುವ ಮೊದಲು ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಅಂಕಿಗಳಿಂದ ಹಾಕಿಕೊಳ್ಳುವುದು ಅಗತ್ಯ.

ರೈತರು ಅನುಸರಿಸಬೇಕಾದ ಕ್ರಮಗಳು

1. ಫಸಲನ್ನು ಮೂರು ಪಾಲು ಮಾಡಿರಿ. ಹೆಚ್ಚು ಬಡ್ಡಿಯ ಸಾಲ ಮತ್ತು ಕೊಯ್ಲಿನ ಖರ್ಚು ತೀರುವಷ್ಟನ್ನು ಮೊದಲು ಮಾರಿರಿ. ಎರಡನೆಯ ಪಾಲನ್ನು ಆವಕ ತಗ್ಗಿದಾಗ, ಮೂರನೆಯದನ್ನು ಮುಂದಿನ ಫಸಲು ಬರುವ ಮುಂಚೆ ಮಾರಿರಿ. ಒಂದೇ ದಿನದ ದರಕ್ಕೆ ಇಡೀ ವರ್ಷದ ದುಡಿಮೆ ಸಿಕ್ಕಿಕೊಳ್ಳುವುದಿಲ್ಲ.

2. ಮಾರುವ ದರವನ್ನು ಮೊದಲೇ ಬರೆದಿಡಿ. ಆ ದರ ಬಂದ ದಿನ ಇನ್ನೂ ಏರೀತೆಂದು ಕಾಯಬೇಡಿ.

3. ಟೆಂಡರಿಗೆ ಒಯ್ಯುವ ಮೊದಲು ಬೇರೆ ಬೇರೆ ತರಗತಿಗಳನ್ನು ವಿಂಗಡಿಸಿರಿ. ಹಳೆಯ ಮತ್ತು ಹೊಸ ಅಡಿಕೆಯನ್ನು ಒಂದೇ ಲಾಟಿನಲ್ಲಿ ಬೆರೆಸಬೇಡಿ. ಮಾದರಿಯಲ್ಲಿ ಮಾಸಿದ ಕಾಯಿ ಕಂಡರೆ ಇಡೀ ಲಾಟಿಗೆ ಕಡಿಮೆ ದರ ಬರೆಯುತ್ತಾರೆ. ಬಂದ ದರ ಒಪ್ಪಿಗೆಯಾಗದಿದ್ದರೆ ಮಾರಾಟ ನಿರಾಕರಿಸುವ ಹಕ್ಕು ಬೆಳೆಗಾರನಿಗಿದೆ.

4. ತುರ್ತು ಹಣ ಬೇಕಾದರೆ ಸಹಕಾರ ಸಂಘದಲ್ಲಿ ಅಡಿಕೆಯ ಅಡಮಾನ ಸಾಲ ಸಿಗುವುದೇ ಎಂದು ವಿಚಾರಿಸಿರಿ. ಕೈಸಾಲದ ಬಡ್ಡಿಗೆ ಹೋಲಿಸಿದ ನಂತರವೇ ಇಡುವ ತೀರ್ಮಾನ ಮಾಡಿರಿ.

5. ಇಡುವ ಪಾಲನ್ನು ಮಳೆಗಾಲಕ್ಕೆ ಮುಂಚೆ ಮತ್ತೊಮ್ಮೆ ಬಿಸಿಲಿಗೆ ಹಾಕಿ, ಆರಿದ ನಂತರ ಒಳಗೆ ಪಾಲಿಥೀನ್ ಹೊದಿಕೆಯಿರುವ ಗೋಣಿಚೀಲದಲ್ಲಿ ತುಂಬಿರಿ. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ದೂರದಲ್ಲಿ ಜೋಡಿಸಿ. ತಿಂಗಳಿಗೊಮ್ಮೆ ಒಂದೆರಡು ಕಾಯಿಗಳನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿರಿ.

ಮೊದಲು ಹೇಳಿದ ಬೆಳೆಗಾರರು ನಮ್ಮೆದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿದರು. ಕೈಸಾಲ ತೀರುವಷ್ಟು ಅಡಿಕೆಯನ್ನು ಮುಂದಿನ ಟೆಂಡರಿಗೇ ಒಯ್ದು, ಉಳಿದುದನ್ನು ಮಾತ್ರ ಇಟ್ಟುಕೊಂಡರು. ಉಳಿದುದಕ್ಕೆ ಎಷ್ಟು ದರ ಬರುವುದೋ ಯಾರೂ ಹೇಳಲಾರರು. ಆದರೆ ಬಡ್ಡಿ ಬೆಳೆಯುವುದಂತೂ ಅಂದಿಗೆ ನಿಂತಿತು. ಚಾಲಿಗೆ ವಯಸ್ಸು ಬೆಲೆ ತರಬಹುದು. ನಮ್ಮ ಕೆಂಪಡಿಕೆಗೆ ಬೆಲೆ ತರುವುದು ಒಳ್ಳೆಯ ಒಣಗು, ಸರಿಯಾದ ವಿಂಗಡಣೆ ಮತ್ತು ಮುಂಚಿತವಾಗಿ ಹಾಕಿದ ಲೆಕ್ಕ.