ಸೌನಾ ಬೆಂಚು ಕಪ್ಪಾಗಿದೆ, ಏನು ಮಾಡಲಿ?

ಪ್ರಶ್ನೆ: ಫಿನ್ಲೆಂಡಿನಲ್ಲಿದ್ದೇವೆ. ಫ್ಲ್ಯಾಟಿನ ಸೌನಾದ ಮರದ ಬೆಂಚು ಕಪ್ಪಾಗಿ, ಮುಗ್ಗಲು ವಾಸನೆ ಬರುತ್ತಿದೆ. ಪರಿಹಾರ ತಿಳಿಸಿ.

ಉತ್ತರ: ಮರಕ್ಕಿಳಿದ ಬೆವರು, ಆರದ ತೇವ ಇದಕ್ಕೆ ಕಾರಣ. ಹೀಟರ್ ತಣ್ಣಗಿರುವಾಗ ಬೆಚ್ಚಗಿನ ನೀರು, ಸೌಮ್ಯ ಸೋಪು ಹಾಕಿ ಮೆದು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬ್ಲೀಚ್ ಬೇಡ. ಒಣಗಿದ ಮೇಲೂ ಕಲೆ ಉಳಿದರೆ ನಯವಾದ ಸ್ಯಾಂಡ್‌ಪೇಪರ್ ಆಡಿಸಿ. ವಾರ್ನಿಷ್ ಹಚ್ಚಲೇಬೇಡಿ, ಬೆಂಚಿಗೆಂದೇ ಸಿಗುವ ಪ್ಯಾರಾಫಿನ್ ಎಣ್ಣೆ ಸಾಕು.

ಬೆಂಚಿನ ಜೊತೆಗೆ ಹೀಟರನ್ನೂ ನೋಡಿಕೊಳ್ಳಿ: ವರ್ಷಕ್ಕೊಮ್ಮೆ ವಿದ್ಯುತ್ ಸಂಪರ್ಕ ತಪ್ಪಿಸಿ ಹೀಟರ್ ಕಲ್ಲುಗಳನ್ನು ಹೊರತೆಗೆದು ನೋಡಿ. ಪುಡಿಯಾಗುತ್ತಿರುವವನ್ನು ಬದಲಿಸಿ, ಉಳಿದವನ್ನು ಸಡಿಲವಾಗಿ ಜೋಡಿಸಿ. ಒತ್ತಾಗಿದ್ದರೆ ಗಾಳಿಯಾಡದೆ ಕಾಯಿಲ್ ಅತಿಯಾಗಿ ಕಾದು ಕೆಡುತ್ತದೆ. ಹೊಳೆಕಲ್ಲು ಹಾಕಬೇಡಿ, ಕಾವಿಗೆ ಸಿಡಿಯಬಹುದು.

ಇನ್ನು ಮುಂದೆ ಬೆಂಚಿನ ಮೇಲೆ ಟವೆಲ್ ಹಾಸಿಕೊಂಡೇ ಕೂರಿ. ಸ್ನಾನ ಮುಗಿದ ಮೇಲೆ ಬಾಗಿಲು, ಗಾಳಿಕಿಂಡಿ ತೆರೆದಿಡಿ. ಇವೆರಡು ರೂಢಿಯಾದರೆ ಉಜ್ಜುವ ಕೆಲಸ ಬಹುಪಾಲು ತಪ್ಪುತ್ತದೆ.